ಹಳೇ ನೆಟ್‌ಬುಕ್‌ನಲ್ಲಿ ಚಿಕನ್ ಸ್ಕೀಮ್: ಮೊದಲು ತಾರೀಕು ನೋಡಿ

ಮಲ್ಪೆಯವರೇ, ಆಟಮ್ ಎನ್270 ನೆಟ್‌ಬುಕ್, 1 ಜಿಬಿ ರ್ಯಾಮ್, ಡೆಬಿಯನ್ 12 ಲಿನಕ್ಸ್, ಅದರಲ್ಲಿ ಚಿಕನ್ ಸ್ಕೀಮ್ (ಸ್ಕೀಮ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರ್) ಹಾಕಬೇಕು ಅಂದಿರಿ. ಡೆಬಿಯನ್ 12ರಲ್ಲೇ ಇರಿ. 13ರಲ್ಲಿ ನಿಮ್ಮಂಥ 32 ಬಿಟ್ ಪ್ರೊಸೆಸರಿಗೆ ಇನ್‌ಸ್ಟಾಲರ್ ಇಲ್ಲ. ಡೆಬಿಯನ್ ಪ್ಯಾಕೇಜ್ ಬೇಡ, ಹೊಸ ಆವೃತ್ತಿಯೇ ಬೇಕು ಅಂತ ಗೆಳೆಯರ ಲ್ಯಾಪ್‌ಟಾಪ್‌ನಲ್ಲಿ ಬಿಡಿಸಿದ ಸೋರ್ಸ್ ಕೋಡ್ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ತಂದಿದ್ದೀರಿ. ಮೇಕ್ (ಕೋಡನ್ನು ಕಂಪೈಲ್ ಮಾಡಿಸುವ ಕಮಾಂಡ್) ಕೊಟ್ಟರೆ 'ಚಿಕನ್' ಸಿಗಲಿಲ್ಲ ಅಂತ ನಿಲ್ಲುತ್ತದೆ. ಕೋರಿ ರೊಟ್ಟಿಯ ಊರಿನಲ್ಲಿ ಚಿಕನ್ ಸಿಗುವುದಿಲ್ಲ ಅಂದರೆ ಹೇಗೆ ಮಾರಾಯ್ರೇ!

ಚಿಕನ್ ಕಂಪೈಲರ್ ಸ್ಕೀಮ್ ಕೋಡನ್ನು ಸಿ ಕೋಡ್ ಮಾಡುತ್ತದೆ. ಕಂಪೈಲರ್ ಕೂಡ ಸ್ಕೀಮ್‌ನಲ್ಲೇ ಬರೆದದ್ದು, ಅದನ್ನು ಸಿ ಮಾಡಲೂ ಚಿಕನ್ನೇ ಬೇಕು. ಹಾಗಾಗಿ ಬಿಡುಗಡೆಯ ಟಾರ್ ಫೈಲಿನಲ್ಲಿ (ಎಲ್ಲ ಸೋರ್ಸ್ ಒಟ್ಟಿಗೆ ಕಟ್ಟಿದ ಫೈಲ್) ಸಿ ಫೈಲುಗಳನ್ನು ಮೊದಲೇ ತಯಾರು ಮಾಡಿ ಇಟ್ಟಿರುತ್ತಾರೆ. ಜಿಸಿಸಿ (ಸಿ ಕಂಪೈಲರ್), ಗ್ನೂ ಮೇಕ್ ಇದ್ದರೆ ಸಾಕು. ಗಿಟ್‌ನಿಂದ (ಡೆವಲಪರ್‌ಗಳ ಕೋಡ್ ಭಂಡಾರದಿಂದ) ತಂದದ್ದರಲ್ಲಿ ಈ ಸಿ ಫೈಲುಗಳು ಇರುವುದಿಲ್ಲ.

ಮೇಕ್ ನೋಡುವುದು ಫೈಲಿನ ತಾರೀಕು ಮಾತ್ರ. ಫೋಲ್ಡರ್ ಕಾಪಿ ಮಾಡುವಾಗ ತಾರೀಕುಗಳು ಹಿಂದುಮುಂದಾಗಬಹುದು. ಸಿ ಫೈಲಿಗಿಂತ ಸ್ಕೀಮ್ ಫೈಲ್ ಹೊಸದು ಅಂತ ಕಂಡರೆ ಸಿ ಫೈಲನ್ನು ಮತ್ತೆ ತಯಾರಿಸಲು ಹೊರಡುತ್ತದೆ. ಅದಕ್ಕೆ ಚಿಕನ್ ಬೇಕು, ನಿಮ್ಮಲ್ಲಿ ಅದಿಲ್ಲ. ಟಾರ್ ಫೈಲನ್ನೇ ಇಡಿಯಾಗಿ ತಂದು ನೆಟ್‌ಬುಕ್‌ನಲ್ಲೇ ಬಿಡಿಸಿ.

ಅದಕ್ಕೂ ಮೊದಲು 'ಡೇಟ್' ಅಂತ ಹೊಡೆದು ನೋಡಿ. ಸುರತ್ಕಲ್‌ನಲ್ಲಿ ನನ್ನ ನೆಟ್‌ಬುಕ್ ಪ್ರತಿಸಲ ಆನ್ ಮಾಡಿದಾಗಲೂ 2008ಕ್ಕೆ ಹೋಗುತ್ತಿತ್ತು. ಡೌನ್‌ಲೋಡ್ ಮಾಡಲು ಹೋದರೆ ಸರ್ಟಿಫಿಕೇಟ್ ಇನ್ನೂ ಶುರುವಾಗಿಲ್ಲ ಅನ್ನುತ್ತಿತ್ತು. ನೆಟ್ ಸರಿಯಿಲ್ಲ ಅಂತ ಎರಡು ದಿನ ಸುಮ್ನೆ ಬೈದೆ. ಕೊನೆಗೆ ಬಿಚ್ಚಿ ನೋಡಿದರೆ ಒಳಗೆ ಗಡಿಯಾರ ನಡೆಸುವ ನಾಣ್ಯದಂಥ ಸೆಲ್ ಸತ್ತಿದೆ, ಅದರ ಪಿನ್ನಿಗೆ ಹಸಿರು ಕಿಲುಬು. ನಮ್ಮ ಉಪ್ಪುಗಾಳಿ ಅಲ್ವಾ! ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ಹೊಸ ಸೆಲ್ ಹಾಕಿದೆ, ಸರಿಯಾಯಿತು.

ಮೇಕ್ ಕೊಡುವಾಗ '-ಜೆ' (ಹಲವು ಫೈಲ್ ಒಟ್ಟಿಗೆ ಕಂಪೈಲ್ ಮಾಡಿಸುವ ಆಯ್ಕೆ) ಬೇಡ. 1 ಜಿಬಿಯಲ್ಲಿ ಒಂದೊಂದೇ ಫೈಲ್ ಹೋಗಲಿ, 2 ಜಿಬಿ ಸ್ವಾಪ್ (ರ್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಕೂಡ ಇಡಿ. ಲೈಬ್ರರಿ ಸಿ ಫೈಲ್ ದೊಡ್ಡದು, ಅಲ್ಲಿ ಹ್ಯಾಂಗ್ ಆದ ಹಾಗೆ ಕಾಣಬಹುದು, ಕಾಯಿರಿ. ಪ್ರಿಫಿಕ್ಸ್‌ಗೆ (ಇನ್‌ಸ್ಟಾಲ್ ಆಗಬೇಕಾದ ಜಾಗ) ನಿಮ್ಮ ಹೋಮ್‌ನೊಳಗಿನ ಒಂದು ಫೋಲ್ಡರ್ ಕೊಟ್ಟರೆ ರೂಟ್ (ಅಡ್ಮಿನ್) ಅನುಮತಿ ಬೇಡ.

ಬ್ಯಾಟರಿ ನಿಲ್ಲುವುದಿಲ್ಲ ಅಂದಿರಿ. ಮಧ್ಯೆ ಕರೆಂಟ್ ಹೋದರೆ ಅರ್ಧ ಬರೆದ 'ಓ' ಫೈಲ್ (ಒಂದು ಸಿ ಫೈಲ್ ಕಂಪೈಲ್ ಆಗಿ ಬರುವ ತುಣುಕು) ಉಳಿಯಬಹುದು. ಮೇಕ್ ಅದನ್ನು ಮುಗಿದದ್ದು ಅಂತ ಬಿಟ್ಟು, ಲಿಂಕ್ ಮಾಡುವಾಗ ಎಡವುತ್ತದೆ. ಕೊನೆಯದಾಗಿ ಬಂದ 'ಓ' ಫೈಲ್ ಅಳಿಸಿ ಮತ್ತೆ ಮೇಕ್ ಕೊಡಿ. ಸಿಟ್ಟಿನಲ್ಲಿ 'ಮೇಕ್ ಸ್ಪಾಟ್‌ಲೆಸ್' ಮಾತ್ರ ಹೊಡೆಯಬೇಡಿ, ಟಾರ್‌ನಲ್ಲಿ ತಯಾರಾಗಿ ಬಂದ ಸಿ ಫೈಲುಗಳೂ ಹೋಗುತ್ತವೆ.