ಸಣ್ಣ ಕ್ಲಿನಿಕ್ ಕಾಗದ ಬಿಟ್ಟು ಕಂಪ್ಯೂಟರ್‌ಗೆ ಬರುವಾಗ ರೋಗಿಗಳ ಮಾಹಿತಿ ಕಾಪಾಡುವುದು ಹೇಗೆ?

ಡಾಕ್ಟರೇ, ನಿಮ್ಮದು ತಾಲ್ಲೂಕು ಕೇಂದ್ರದಲ್ಲಿರುವ ಕ್ಲಿನಿಕ್. ಇಬ್ಬರು ವೈದ್ಯರು, ಒಬ್ಬರು ರಿಸೆಪ್ಷನಿಸ್ಟ್, ಒಂದು ಡಿಜಿಟಲ್ ಎಕ್ಸ್‌ರೇ. ಓಪಿಡಿ ಚೀಟಿ ಬಿಟ್ಟು ಸಾಫ್ಟ್‌ವೇರ್ ಹಾಕಿಸಬೇಕೆಂದಿದ್ದೀರಿ, ಮಾರಲು ಬಂದವರು "ಎಲ್ಲಾ ಕ್ಲೌಡ್‌ನಲ್ಲಿರುತ್ತೆ, ನೂರಕ್ಕೆ ನೂರು ಸೇಫ್" ಅನ್ನುತ್ತಿದ್ದಾರೆ, ನಂಬಬಹುದೇ ಅಂತ ಕೇಳಿದ್ದೀರಿ.

ಕ್ಲೌಡ್ ಬಗ್ಗೆ ಅವರು ಹೇಳಿದ್ದು ಹೆಚ್ಚುಕಡಿಮೆ ನಿಜವೇ ಇರಬಹುದು. ಆದರೆ ನಿಮ್ಮಂಥ ಸಣ್ಣ ಕ್ಲಿನಿಕ್‌ನಲ್ಲಿ ಮಾಹಿತಿ ಕಳೆದುಹೋಗುವುದೂ ಸೋರುವುದೂ ಬಹುತೇಕ ರಿಸೆಪ್ಷನ್ ಟೇಬಲ್ ಹತ್ತಿರ. ಹಾಗಾಗಿ ಯಾವ ಸಾಫ್ಟ್‌ವೇರ್ ಅನ್ನುವುದನ್ನು ಆಮೇಲೆ ನೋಡಿ. ಬ್ಯಾಕಪ್, ಲಾಗಿನ್, ವಾಟ್ಸಾಪ್, ಈ ಮೂರನ್ನು ಮೊದಲು ಸರಿಮಾಡಿಕೊಳ್ಳಿ.

ಬ್ಯಾಕಪ್ ಅಂದಕೂಡಲೇ ಎಲ್ಲರೂ ಮಾಡುವುದು ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಂದು ಕಂಪ್ಯೂಟರ್‌ಗೆ ಚುಚ್ಚಿ ಅಲ್ಲೇ ಬಿಡುವುದು. ರ‍್ಯಾನ್ಸಮ್‌ವೇರ್ (ಫೈಲ್‌ಗಳನ್ನು ಲಾಕ್ ಮಾಡಿ, ಬಿಡಿಸಲು ದುಡ್ಡು ಕೇಳುವ ವೈರಸ್) ಬಂದರೆ ಸಿ ಡ್ರೈವ್ ಜೊತೆಗೆ ಆ ಡಿಸ್ಕನ್ನೂ ಲಾಕ್ ಮಾಡುತ್ತದೆ, ಅದಕ್ಕೆ ಎರಡೂ ಒಂದೇ. ಗೂಗಲ್ ಡ್ರೈವ್ ಥರದ ಸಿಂಕ್ ಫೋಲ್ಡರ್ ನೆಚ್ಚಿಕೊಂಡರೂ ಕಷ್ಟ: ಕೆಟ್ಟ ಫೈಲೂ ಅಷ್ಟೇ ನಿಷ್ಠೆಯಿಂದ ಸಿಂಕ್ ಆಗುತ್ತದೆ. ಆದ್ದರಿಂದ ಎರಡು ಡಿಸ್ಕ್ ಕೊಳ್ಳಿ, ಒಂದಕ್ಕೆ 'ಸೋಮ', ಇನ್ನೊಂದಕ್ಕೆ 'ಗುರು' ಅಂತ ಚೀಟಿ ಅಂಟಿಸಿ. ಆಯಾ ದಿನ ಸಂಜೆ ಬ್ಯಾಕಪ್ ತೆಗೆದು, ಕಳಚಿ, ಒಂದನ್ನು ಕ್ಲಿನಿಕ್‌ನ ಬೀರುವಿನಲ್ಲಿ, ಇನ್ನೊಂದನ್ನು ಮನೆಯಲ್ಲಿ ಇಡಿ. ಎರಡಕ್ಕೂ ಬಿಟ್‌ಲಾಕರ್ (ಪಾಸ್‌ವರ್ಡ್ ಇಲ್ಲದೆ ಡಿಸ್ಕ್ ಓದಲಾಗದಂತೆ ಮಾಡುವ ವಿಂಡೋಸ್ ಸೌಲಭ್ಯ) ಹಾಕಿ, ಇಲ್ಲದಿದ್ದರೆ ಡಿಸ್ಕ್ ಕಳೆದ ದಿನ ಅಷ್ಟೂ ರೋಗಿಗಳ ಮಾಹಿತಿ ಬೀದಿಗೆ ಬಿತ್ತು ಅಂತಲೇ ಲೆಕ್ಕ. ಪಾಸ್‌ವರ್ಡ್ ಮರೆತರೆ ಡಿಸ್ಕ್ ತೆರೆಯಲು ಅದು ಕೊಡುವ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಬೇರೆ ಕಡೆ ಇಡಿ, ಅದೇ ಕಂಪ್ಯೂಟರ್‌ನಲ್ಲಿ ಸೇವ್ ಮಾಡಬೇಡಿ.

ಜಾಗದ ಚಿಂತೆ ಬೇಡ. ಎಕ್ಸ್‌ರೇ ಒಂದಕ್ಕೆ ಸುಮಾರು 15 ಎಂಬಿ ಅಂತಿಟ್ಟುಕೊಳ್ಳಿ. ದಿನಕ್ಕೆ 15 ಎಕ್ಸ್‌ರೇ ಆದರೂ, ವರ್ಷಕ್ಕೆ 300 ದಿನಕ್ಕೆ 70 ಜಿಬಿ ಮುಟ್ಟುವುದಿಲ್ಲ. ಬರಹದ ದಾಖಲೆ ಅದರ ಮುಂದೆ ಲೆಕ್ಕಕ್ಕೇ ಇಲ್ಲ. 1 ಟಿಬಿ ಡಿಸ್ಕ್ ಹತ್ತು ವರ್ಷಕ್ಕೆ ಧಾರಾಳ.

ತಿಂಗಳಿಗೊಮ್ಮೆ ಆ ಡಿಸ್ಕಿನಿಂದ ಯಾವುದಾದರೂ ಐದು ರೋಗಿಗಳ ದಾಖಲೆಯನ್ನು ಬೇರೊಂದು ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಿ. ತೆರೆಯದಿದ್ದರೆ ನಿಮ್ಮ ಹತ್ತಿರ ಬ್ಯಾಕಪ್ ಇಲ್ಲ. ರ‍್ಯಾನ್ಸಮ್‌ವೇರ್ ಕಾಟ ದೊಡ್ಡವರಿಗೂ ತಪ್ಪಿದ್ದಲ್ಲ: 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನಲ್ಲಿ 5 ಸರ್ವರ್‌ಗಳ ಸುಮಾರು 1.3 ಟಿಬಿ ಮಾಹಿತಿ ಲಾಕ್ ಆಗಿ, ದಿನಗಟ್ಟಲೆ ಓಪಿಡಿ, ಲ್ಯಾಬ್ ಎಲ್ಲ ಕೈಬರಹದಲ್ಲೇ ನಡೆಯಿತು. ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡಿರಲಿಲ್ಲ ಎಂಬುದು ಸಂಸತ್ತಿನಲ್ಲಿ ಸರ್ಕಾರವೇ ಕೊಟ್ಟ ಕಾರಣ. ನಿಮ್ಮಲ್ಲಿ ಅದೇ ತಪ್ಪು ಹೀಗೆ ಕಾಣಿಸುತ್ತದೆ: ಕಾಯುವ ರೋಗಿಗಳು, ಬಿಲ್ಲಿಂಗ್, ಎಕ್ಸ್‌ರೇ ಕನ್ಸೋಲ್ (ಯಂತ್ರ ನಡೆಸುವ ಕಂಪ್ಯೂಟರ್), ಎಲ್ಲಕ್ಕೂ ಒಂದೇ ವೈಫೈ ಪಾಸ್‌ವರ್ಡ್. ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ ರೋಗಿಗಳಿಗೆ ಅದನ್ನು ಕೊಡಿ, ಹತ್ತು ನಿಮಿಷದ ಕೆಲಸ.

ಎಕ್ಸ್‌ರೇ ಕನ್ಸೋಲ್ ವಿಷಯ ಸ್ವಲ್ಪ ತಕರಾರಿನದು. ಎಷ್ಟೋ ಕಡೆ ಅದು ಇನ್ನೂ ವಿಂಡೋಸ್ 7ರಲ್ಲಿದೆ, ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್‌ನಲ್ಲಿ ನಿಂತಿತು. ಅಪ್‌ಡೇಟ್ ಮಾಡಿದರೆ ಯಂತ್ರದ ವಾರಂಟಿ ಹೋಗುತ್ತೆ ಅಂತ ಕಂಪನಿಯವರು ಹೆದರಿಸುತ್ತಾರೆ. ಹಾಗಿದ್ದರೆ ಆ ಕಂಪ್ಯೂಟರ್‌ಗೆ ಇಂಟರ್ನೆಟ್ಟೇ ಕೊಡಬೇಡಿ. ಸರ್ವೀಸ್‌ನವರು ಎನಿಡೆಸ್ಕ್ (ದೂರದಿಂದಲೇ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಹಾಕಿ ಶಾಶ್ವತ ಪಾಸ್‌ವರ್ಡ್ ಇಟ್ಟು ಹೋಗಿದ್ದಾರಾ ನೋಡಿ, ಇದ್ದರೆ ತೆಗೆಸಿ. ಅವರು ಬೇಕೆಂದಾಗ ನೀವೇ ಕೇಬಲ್ ಹಾಕಿ, ಎದುರಿಗೆ ಕೂತು ಕೆಲಸ ಮಾಡಿಸಿ, ಕೇಬಲ್ ಕಿತ್ತುಬಿಡಿ.

ಲಾಗಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಲಾಗಿನ್, ಮಾನಿಟರ್‌ಗೆ ಅಂಟಿಸಿದ ಪಾಸ್‌ವರ್ಡ್ ಚೀಟಿ ಕೂಡದು, 5 ನಿಮಿಷಕ್ಕೆ ಸ್ಕ್ರೀನ್ ತಾನಾಗಿ ಲಾಕ್ ಆಗಬೇಕು. ರಿಸೆಪ್ಷನ್ ಲಾಗಿನ್‌ಗೆ ಹೆಸರು, ಟೋಕನ್, ಬಿಲ್ ಸಾಕು. ರೋಗದ ವಿವರ ಕಾಣಬೇಕಿಲ್ಲ. ಕೆಲಸ ಬಿಟ್ಟವರ ಲಾಗಿನ್ ಅವತ್ತೇ ಮುಚ್ಚಿ.

ಯಾರೂ ಗಮನ ಕೊಡದ ತಪ್ಪೊಂದಿದೆ: ಮೊಬೈಲ್ ನಂಬರನ್ನೇ ರೋಗಿಯ ಗುರುತಾಗಿ ಬಳಸುವುದು. ನಮ್ಮ ಕಡೆ ಒಂದು ನಂಬರಿನಲ್ಲಿ ಅತ್ತೆ, ಸೊಸೆ, ಮಗ, ಪಕ್ಕದ ಮನೆ ಅಜ್ಜಿ ಎಲ್ಲರೂ ಇರುತ್ತಾರೆ. ಸೊಸೆಯ ಗರ್ಭಪರೀಕ್ಷೆಯ ರಿಪೋರ್ಟ್ ಆಟೋಮ್ಯಾಟಿಕ್ ಮೆಸೇಜಾಗಿ ಮಾವನ ಫೋನಿಗೆ ಹೋದರೆ ಅದನ್ನು ಹಿಂದಕ್ಕೆ ತರುವ ಬಟನ್ ಯಾವ ಸಾಫ್ಟ್‌ವೇರ್‌ನಲ್ಲೂ ಇಲ್ಲ. ಎಚ್‌ಐವಿ ಫಲಿತಾಂಶವಾದರೆ ಒಪ್ಪಿಗೆಯಿಲ್ಲದೆ ಅದನ್ನು ಬಯಲುಮಾಡಬಾರದು ಅನ್ನುವ 2017ರ ಎಚ್‌ಐವಿ ಕಾಯ್ದೆಯೂ ಅಡ್ಡ ಬರುತ್ತದೆ. ಹಾಗಾಗಿ ಪ್ರತಿ ರೋಗಿಗೂ ಕ್ಲಿನಿಕ್‌ನದೇ ಒಂದು ಬೇರೆ ಸಂಖ್ಯೆ ಕೊಡಿ. "ರಿಪೋರ್ಟ್ ಯಾವ ನಂಬರಿಗೆ ಕಳಿಸಲಿ, ಆ ಫೋನ್ ಯಾರ ಕೈಲಿರುತ್ತೆ?" ಅಂತ ನೋಂದಣಿಯಲ್ಲೇ ಕೇಳಿ. ರೋಗಿ 14 ಅಂಕಿಯ ಆಭಾ ಸಂಖ್ಯೆ (ಸರ್ಕಾರದ ಡಿಜಿಟಲ್ ಆರೋಗ್ಯ ಗುರುತು) ತಂದರೆ ಜೋಡಿಸಿ, ಹೆಸರು ಬೆರೆಯುವುದು ಕಮ್ಮಿಯಾಗುತ್ತದೆ. ಇಲ್ಲದವರನ್ನು ವಾಪಸ್ ಕಳಿಸುವಂತಿಲ್ಲ, ಅದು ಐಚ್ಛಿಕ.

ವಾಟ್ಸಾಪ್ ಬಿಡಿ ಅಂದರೆ ಯಾರೂ ಬಿಡುವುದಿಲ್ಲ, ನಾನೂ ಹೇಳುವುದಿಲ್ಲ. ಕ್ಲಿನಿಕ್‌ಗೆ ಬೇರೆ ಫೋನ್, ಬೇರೆ ಸಿಮ್ ಇಡಿ. ಸೆಟ್ಟಿಂಗ್ಸ್‌ನಲ್ಲಿ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿ. ಇಲ್ಲದಿದ್ದರೆ ರೋಗಿಯ ಗಾಯದ ಫೋಟೋ ಗ್ಯಾಲರಿಗೆ ಇಳಿದು, ಮಗಳ ಹುಟ್ಟುಹಬ್ಬದ ಫೋಟೋಗಳ ಜೊತೆ ಗೂಗಲ್ ಫೋಟೋಸ್‌ಗೂ ಏರಿರುತ್ತದೆ. ವಾರಕ್ಕೊಮ್ಮೆ ಲಿಂಕ್ಡ್ ಡಿವೈಸಸ್ ತೆರೆದು ಗುರುತಿಲ್ಲದ ಕಂಪ್ಯೂಟರ್‌ಗಳನ್ನು ತೆಗೆದುಹಾಕಿ. ಎರಡನೇ ಅಭಿಪ್ರಾಯಕ್ಕೆ ಎಕ್ಸ್‌ರೇ ಕಳಿಸುವಾಗ ಚಿತ್ರದ ಮೂಲೆಯ ಹೆಸರು ಮುಚ್ಚಿದರೆ ಸಾಲದು, ಡೈಕಾಮ್ ಫೈಲ್‌ನ (ಎಕ್ಸ್‌ರೇ ಸೇವ್ ಆಗುವ ರೂಪ) ಒಳಗೇ ಹೆಸರು, ಹುಟ್ಟಿದ ದಿನ ಬರೆದಿರುತ್ತದೆ. ಅನಾನಿಮೈಸ್ ಮಾಡಿ, ಅಂದರೆ ಆ ವಿವರ ಅಳಿಸಿ, ಎಕ್ಸ್‌ಪೋರ್ಟ್ ಮಾಡಿ.

ಕಾನೂನು ಚುಟುಕಾಗಿ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸುರಕ್ಷತಾ ಕ್ರಮ ಇಡದಿದ್ದರೆ ದಂಡ 250 ಕೋಟಿವರೆಗೂ ಹೋಗಬಹುದು, ಅದು ಗರಿಷ್ಠ ಮಿತಿ. ಪರದೆ ಮೇಲೆ ದುಡ್ಡು ಕೇಳುವ ಸೂಚನೆ ಬಂದರೆ ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ಪರದೆಯ ಫೋಟೋ ತೆಗೆಯಿರಿ, ಫಾರ್ಮ್ಯಾಟ್ ಮಾಡಲು ಆತುರ ಬೇಡ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್‌-ಇನ್‌ಗೆ ತಿಳಿಸಲು ಇರುವ ಗಡುವು ಗೊತ್ತಾದ 6 ಗಂಟೆ.

ಮಾರಲು ಬಂದವರನ್ನು ಕೇಳಬೇಕಾದ್ದು ಒಂದೇ: "ನಾಳೆ ನಾನು ಬಿಟ್ಟರೆ ನನ್ನ ರೋಗಿಗಳ ಪೂರ್ತಿ ದಾಖಲೆ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಕೊಡುತ್ತೀರಿ?" ಉತ್ತರ ಒಪ್ಪಂದದಲ್ಲಿ ಬರೆದಿರಲಿ, ಡೆಮೊದಲ್ಲೇ ಎಕ್ಸ್‌ಪೋರ್ಟ್ ಮಾಡಿ ತೋರಿಸಲಿ. ಇಂಟರ್ನೆಟ್ ಹೋದ ದಿನಕ್ಕೆ 50 ಖಾಲಿ ಓಪಿಡಿ ಹಾಳೆ ಡ್ರಾಯರ್‌ನಲ್ಲಿರಲಿ. ಬಂದ ಮೇಲೆ ಅವನ್ನು ಯಾರು ಎಂಟ್ರಿ ಮಾಡಬೇಕೆಂದು ಈಗಲೇ ಗೊತ್ತುಮಾಡಿ, ಇಲ್ಲದಿದ್ದರೆ ಯಾರೂ ಮಾಡುವುದಿಲ್ಲ.