ರಾತ್ರಿ ಗೇಟ್ ಹಾಕಿದರೆ ಯಾರಿಗೆ ಲಾಭ?

ಪ್ರಶ್ನೆ: ಊಟಿಗೆ ಹೊರಟು ಬಂಡೀಪುರದ ಚೆಕ್‌ಪೋಸ್ಟ್ ತಲುಪಿದಾಗ ರಾತ್ರಿ ಒಂಬತ್ತೂಕಾಲು, ಬಿಡಲೇ ಇಲ್ಲ. ರಸ್ತೆ ಮುಚ್ಚಿದರೆ ಪ್ರಾಣಿಗಳಿಗೆ ನಿಜವಾಗ್ಲೂ ಏನು ಲಾಭ?
– ಓದುಗರೊಬ್ಬರು, ಮೈಸೂರು

ಉತ್ತರ: ಬೇಜಾರಾಗೋದು ಸಹಜ ಬಿಡಿ. ಆದರೆ ಆ ರಸ್ತೆ ದಾಟಬೇಕಾದವರು ನೀವೊಬ್ಬರೇ ಅಲ್ವಲ್ಲ! ಕಡವೆ, ಚಿರತೆ, ಹುಲಿ ಕತ್ತಲಲ್ಲೇ ಜಾಸ್ತಿ ಓಡಾಡುತ್ತವೆ. ಹೆಡ್‌ಲೈಟ್ ಕಣ್ಣಿಗೆ ಹೊಡೆದರೆ ಜಿಂಕೆ ಎಷ್ಟೋ ಸಲ ಓಡುವುದಿಲ್ಲ, ರಸ್ತೆ ಮಧ್ಯೆ ಕಲ್ಲಿನ ಹಾಗೆ ನಿಂತುಬಿಡುತ್ತದೆ, ಲಾರಿಯವನು ಬ್ರೇಕ್ ಒತ್ತುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಅದಕ್ಕೇ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿದರು. 2010ರಲ್ಲಿ ಹೈಕೋರ್ಟ್ ಕೂಡ ಸರಿ ಎಂದಿತು. ಆಂಬುಲೆನ್ಸ್‌ಗೆ ಅಡ್ಡಿಯಿಲ್ಲ. 1973ರಲ್ಲೇ ಹುಲಿ ಯೋಜನೆಗೆ ಸೇರಿದ ಕಾಡು ಇದು, ಸುಮ್ನೆ ಬೋರ್ಡ್ ನೆಟ್ಟರೆ ಸಾಲದು. ಮುಂದಿನ ಸಲ ಮಧ್ಯಾಹ್ನವೇ ಹೊರಡಿ.