ಮಧುಮೇಹವಿರುವ ಬೆಕ್ಕಿನ ಹುಣ್ಣು, ತುರಿಕೆಯ ಕುರಿತು

ಇನ್ಸುಲಿನ್ ಪಡೆಯುತ್ತಿರುವ ನಿಮ್ಮ ಬೆಕ್ಕು ಮನೆಯಿಂದ ಹೊರಗೆ ಹೋಗದಿದ್ದರೂ ಹುಣ್ಣಾಗುವಷ್ಟು ಕೆರೆದುಕೊಳ್ಳುತ್ತಿರುವುದೇಕೆ ಎಂದು ಕೇಳಿದ್ದೀರಿ. ಮೊದಲು ಚಿಗಟಗಳನ್ನು ಅನುಮಾನಿಸಿ. ಅವು ನಮ್ಮ ಬಟ್ಟೆಗಳ ಜೊತೆಗೂ ಒಳಬರಬಲ್ಲವು, ಮತ್ತು ಬೆಕ್ಕು ಮೈ ನೆಕ್ಕುತ್ತಲೇ ಅವುಗಳನ್ನು ನುಂಗಿಬಿಡುವುದರಿಂದ ಒಂದೂ ಕಣ್ಣಿಗೆ ಬೀಳದಿರಬಹುದು. ಆದರೆ ನಾಯಿಗಳಿಗೆಂದು ಮಾರುವ ಚಿಗಟದ ಔಷಧಿಯನ್ನು ದಯವಿಟ್ಟು ಹಚ್ಚಬೇಡಿ, ಅದರಲ್ಲಿರಬಹುದಾದ ಪರ್ಮೆಥ್ರಿನ್ ಎಂಬ ಕೀಟನಾಶಕ ಬೆಕ್ಕಿನ ಪ್ರಾಣಕ್ಕೇ ಅಪಾಯ. ನನಗೆ ಹೆಚ್ಚು ಆತಂಕವಿರುವುದು ಸ್ಟೀರಾಯ್ಡ್ ಬಗ್ಗೆ: ತುರಿಕೆಗೆ ಸಾಮಾನ್ಯವಾಗಿ ಕೊಡುವ ಪ್ರೆಡ್ನಿಸೋಲೋನ್ ಮಾತ್ರೆಯಾಗಲಿ, ವಾರಗಟ್ಟಲೆ ದೇಹದಲ್ಲಿ ಉಳಿಯುವ ಚುಚ್ಚುಮದ್ದಾಗಲಿ ರಕ್ತದ ಸಕ್ಕರೆಯನ್ನು ಏರಿಸಿ ಇನ್ಸುಲಿನ್ನಿನ ಪರಿಣಾಮವನ್ನು ಕುಗ್ಗಿಸುತ್ತದೆ. ಆದ್ದರಿಂದ ಪಶುವೈದ್ಯರಿಗೆ ಮಧುಮೇಹದ ವಿಷಯವನ್ನು ಮೊದಲೇ ತಿಳಿಸಿ, ನುಸಿ, ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾ ಸೋಂಕಿಗಾಗಿ ಚರ್ಮದ ಪರೀಕ್ಷೆ ಮಾಡಿಸಿ. ಆಹಾರದ ಅಲರ್ಜಿಯನ್ನು ಪತ್ತೆಹಚ್ಚಲು ಸುಮಾರು 8 ವಾರಗಳ ಪಥ್ಯ ಬೇಕಾಗುತ್ತದೆ. ಆಹಾರ ಬದಲಾದಾಗ ಇನ್ಸುಲಿನ್ ಪ್ರಮಾಣವೂ ಬದಲಾಗಬೇಕಾಗಬಹುದು, ಹಾಗಾಗಿ ಈ ಪಥ್ಯವನ್ನು ನೀವಾಗಿಯೇ ಆರಂಭಿಸಬೇಡಿ.